ಪುಟ್ಟ ಮಕ್ಕಳಿಗೆ ಲೆಕ್ಕದ ಮಾತು: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂದನೇ, ಎರಡನೇ ತರಗತಿಗೆ ಪಾಠ ಮಾಡುವ ಟೀಚರ್. ಪೋಷಕರ ಸಭೆಯಲ್ಲಿ, ಶಾಲೆಯ ಗೇಟಿನ ಹತ್ತಿರ, ವಾಟ್ಸಾಪ್‌ನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೂರರಿಂದ ಏಳು ವರ್ಷದ ಮಕ್ಕಳಿರುವ ಮನೆಗಳಿಗಾಗಿ ಅವನ್ನೆಲ್ಲ ಒಂದು ಕಡೆ ಬರೆದಿದ್ದೇನೆ. ಎಲ್ಲವನ್ನೂ ಒಂದೇ ಸಲಕ್ಕೆ ಓದಬೇಕಿಲ್ಲ. ನಿಮ್ಮ ಮಗುವಿಗೆ ಯಾವುದು ಬೇಕೋ ಅದನ್ನು ಹುಡುಕಿಕೊಳ್ಳಿ.

ಲೆಕ್ಕದ ಪದಗಳು ಅಂದರೆ ಒಂದು, ಎರಡು, ಮೂರು ಅಷ್ಟೇ ಅಲ್ವಾ?

ಅಲ್ಲ, ಅದು ಒಂದು ಸಣ್ಣ ಪಾಲು. ಜಾಸ್ತಿ, ಕಮ್ಮಿ, ಅಷ್ಟೇ, ಇನ್ನೂ ಒಂದು, ಎಲ್ಲಾ, ಉಳಿದದ್ದು, ಇವೆಲ್ಲ ಲೆಕ್ಕದ ಪದಗಳೇ. ಮೇಲೆ, ಕೆಳಗೆ, ನಡುವೆ, ಪಕ್ಕ, ಮೊದಲು, ಆಮೇಲೆ, ಕೊನೆಗೆ ಕೂಡ ಲೆಕ್ಕದ ಪದಗಳು. ಉದ್ದ, ಅಗಲ, ದಪ್ಪ, ತೆಳು, ಭಾರ, ಹಗುರ, ಜೋಡಿ, ಸಾಲು, ಗುಂಪು... ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಈ ಪದಗಳು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅಂತ ಒಂದು ಘಟನೆ ಹೇಳುತ್ತೇನೆ. ಒಂದು ಸಲ ತರಗತಿಯಲ್ಲಿ "5ರ ಹಿಂದಿನ ಸಂಖ್ಯೆ ಯಾವುದು?" ಅಂತ ಕೇಳಿದೆ. ಒಬ್ಬ ಹುಡುಗ ಪುಸ್ತಕದಲ್ಲಿ 5 ಇದ್ದ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದ. ಅವನಿಗೆ ಇಪ್ಪತ್ತರವರೆಗೆ ಎಣಿಸಲು ಚೆನ್ನಾಗಿ ಬರುತ್ತಿತ್ತು. ಆದರೆ ಅವನು ಅಲ್ಲಿಯವರೆಗೆ ಕೇಳಿದ್ದು ಬಾಗಿಲ ಹಿಂದೆ, ಬೆನ್ನ ಹಿಂದೆ ಅನ್ನುವ ಮಾತು ಮಾತ್ರ. ಸಂಖ್ಯೆಗಳ ಸಾಲಿನಲ್ಲೂ ಹಿಂದೆ, ಮುಂದೆ ಇರುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ಬಾರದೇ ಇದ್ದದ್ದು ಲೆಕ್ಕ ಅಲ್ಲ, ಆ ಒಂದು ಪದ.

ನನ್ನ ಮಗಳು ಮೂರು ವರ್ಷಕ್ಕೇ ಐವತ್ತರವರೆಗೆ ಹೇಳುತ್ತಾಳೆ. ಹಾಗಾದರೆ ಎಣಿಕೆ ಬಂದ ಹಾಗೇ ಅಲ್ವಾ?

ಖುಷಿಪಡಿ, ಆದರೆ ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ಒಂದು ಬಟ್ಟಲು ಕಡಲೆಬೀಜ ಮುಂದಿಟ್ಟು "ನನಗೆ ನಾಲ್ಕು ಕೊಡು" ಅನ್ನಿ. ತುಂಬಾ ಮಕ್ಕಳು ಒಂದು ಹಿಡಿ ಎತ್ತಿ ಕೊಡುತ್ತಾರೆ. ಕ್ಯಾರೆನ್ ವಿನ್ ಅನ್ನುವ ಸಂಶೋಧಕಿ 1990ರ ಸುಮಾರಿಗೆ ಇದೇ ಪರೀಕ್ಷೆ ಬಳಸಿ ಮಕ್ಕಳು ಸಂಖ್ಯೆಗಳ ಅರ್ಥ ಕಲಿಯುವ ಬಗೆಯನ್ನು ತೋರಿಸಿದರು. ಮಗುವಿಗೆ ಮೊದಲು 'ಒಂದು' ಅರ್ಥವಾಗುತ್ತದೆ. ಕೆಲವು ತಿಂಗಳು ಬಿಟ್ಟು 'ಎರಡು', ಆಮೇಲೆ 'ಮೂರು'. ಅಷ್ಟು ಹೊತ್ತೂ ಬಾಯಲ್ಲಿ ಹತ್ತರವರೆಗೆ ಸಲೀಸಾಗಿ ಬರುತ್ತಿರುತ್ತದೆ. ಮೂರೂವರೆ ನಾಲ್ಕು ವರ್ಷದ ಹೊತ್ತಿಗೆ ಅನೇಕ ಮಕ್ಕಳಿಗೆ ಥಟ್ಟನೆ ಗುಟ್ಟು ಹೊಳೆಯುತ್ತದೆ: ಎಣಿಸುವಾಗ ಕೊನೆಗೆ ಹೇಳಿದ ಪದವೇ ಒಟ್ಟು ಎಷ್ಟು ಅನ್ನುವುದಕ್ಕೆ ಉತ್ತರ.

ಈ ಗುಟ್ಟು ಬೇಗ ಹೊಳೆಯಲು ಸಹಾಯ ಮಾಡಬಹುದು. ಎಣಿಸಿ ಮುಗಿದ ಮೇಲೆ ಸುಮ್ಮನಾಗಬೇಡಿ. "ಒಂದು, ಎರಡು, ಮೂರು, ನಾಲ್ಕು. ಒಟ್ಟು ನಾಲ್ಕು ಬಾಳೆಹಣ್ಣು" ಅಂತ ಇಡೀ ಗುಂಪಿನ ಮೇಲೆ ಕೈ ಸುತ್ತಿಸಿ ಹೇಳಿ. 'ಒಟ್ಟು' ಅನ್ನುವ ಪದ ಇಲ್ಲಿ ತುಂಬಾ ಕೆಲಸ ಮಾಡುತ್ತದೆ.

ಯಾವ ವಯಸ್ಸಿಗೆ ಶುರು ಮಾಡಬೇಕು?

ಮಗು ಮಾತು ಕಲಿಯುವ ಹೊತ್ತಿಗೇ. ಪಾಠ ಬೇಡ, ಮಾತು ಸಾಕು. ಶಿಕಾಗೋ ವಿಶ್ವವಿದ್ಯಾಲಯದ ಸೂಸನ್ ಲೆವಿನ್ ಮತ್ತು ಜೊತೆಗಾರರು 44 ಮಕ್ಕಳ ಮನೆಗೆ ಹೋಗಿ, ಮಗುವಿಗೆ 14 ತಿಂಗಳಿಂದ 30 ತಿಂಗಳಾಗುವವರೆಗೆ ಐದು ಸಲ ಮನೆಮಾತನ್ನು ರೆಕಾರ್ಡ್ ಮಾಡಿದರು. 2010ರಲ್ಲಿ ಅದು ಪ್ರಕಟವಾಯಿತು. ಒಟ್ಟು ಏಳೂವರೆ ಗಂಟೆಯ ಮಾತಿನಲ್ಲಿ ಒಂದು ಮನೆಯವರು ಸಂಖ್ಯೆಯ ಪದ ಹೇಳಿದ್ದು 4 ಸಲ, ಇನ್ನೊಂದು ಮನೆಯವರು 257 ಸಲ! ಜಾಸ್ತಿ ಕೇಳಿದ ಮಕ್ಕಳು ನಾಲ್ಕು ವರ್ಷದ ಹೊತ್ತಿಗೆ ಸಂಖ್ಯೆಯ ಅರ್ಥವನ್ನು ಜಾಸ್ತಿ ಚೆನ್ನಾಗಿ ತಿಳಿದಿದ್ದರು. ಮುಂದಿನ ವರ್ಷ ಇನ್ನೊಂದು ವಿಷಯವೂ ಗೊತ್ತಾಯಿತು. ಸುಮ್ನೆ ಬಾಯಿಪಾಠದ ಎಣಿಕೆಗಿಂತ, ಕಣ್ಣೆದುರಿಗೆ ಇರುವ ವಸ್ತುಗಳನ್ನು ಎಣಿಸುವ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅದರಲ್ಲೂ ನಾಲ್ಕರಿಂದ ಹತ್ತರವರೆಗಿನ ಗುಂಪುಗಳು.

ಅಂದರೆ ಮೆಟ್ಟಿಲು ಹತ್ತುವಾಗ, ತಟ್ಟೆ ಹಾಕುವಾಗ, ಅಂಗಿಯ ಗುಂಡಿ ಹಾಕುವಾಗ ಎಣಿಸಿ. ಗಾಳಿಯಲ್ಲಿ ಎಣಿಸಬೇಡಿ.

ಕನ್ನಡದಲ್ಲಿ ಕಲಿಸಲೋ ಇಂಗ್ಲಿಷಿನಲ್ಲಿ ಕಲಿಸಲೋ? ಶಾಲೆ ಇಂಗ್ಲಿಷ್ ಮೀಡಿಯಂ.

ನನಗೆ ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ಮನೆಯಲ್ಲಿ ಕನ್ನಡ ಮಾತಾಡುತ್ತೀರಾದರೆ ಕನ್ನಡದಲ್ಲೇ ಶುರು ಮಾಡಿ ಅಂತ ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಸಾಧ್ಯವಿರುವ ಕಡೆ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಿ ಅಂತಲೇ ಹೇಳುತ್ತದೆ. ಆದರೆ ನನ್ನ ಕಾರಣ ನೀತಿ ಅಲ್ಲ, ಪದಗಳು.

ಕನ್ನಡದ ಸಂಖ್ಯೆಗಳನ್ನು ಬಿಡಿಸಿ ನೋಡಿ. ಹದಿಮೂರು ಅಂದರೆ ಹತ್ತು ಮತ್ತು ಮೂರು. ಹದಿನೈದು ಅಂದರೆ ಹತ್ತು ಮತ್ತು ಐದು. ಮೊದಲು ಹತ್ತು ಬರುತ್ತದೆ, ಆಮೇಲೆ ಬಿಡಿ, ಬರೆಯುವಾಗಲೂ ಅದೇ ಕ್ರಮ. ಇಂಗ್ಲಿಷಿನ ಥರ್ಟೀನ್‌ನಲ್ಲಿ ಮೂರು ಮೊದಲು ಕೇಳಿಸುತ್ತದೆ, ಅದಕ್ಕೇ ಎಷ್ಟೋ ಮಕ್ಕಳು 13 ಬರೆಯಲು ಹೋಗಿ 31 ಬರೆಯುತ್ತಾರೆ. ಇಲೆವೆನ್, ಟ್ವೆಲ್ವ್ ಅನ್ನುವ ಪದಗಳಲ್ಲಿ ಮಗುವಿನ ಕಿವಿಗೆ ಹತ್ತು ಕೇಳಿಸುವುದೇ ಇಲ್ಲ. ನಮ್ಮ ಹನ್ನೊಂದು, ಹನ್ನೆರಡರಲ್ಲಿ ಒಂದು, ಎರಡು ಹಾಗೇ ಕೂತಿವೆ.

ಇನ್ನೂ ಒಂದು ಚೆಂದ ಇದೆ. ಇಬ್ಬರು, ಇಪ್ಪತ್ತು, ಇನ್ನೂರು, ಇಮ್ಮಡಿ, ಇವೆಲ್ಲದರಲ್ಲೂ ಇರುವ 'ಇ' ಎರಡಕ್ಕೆ ಸೇರಿದ್ದು. ಮೂವರು, ಮೂವತ್ತು, ಮುನ್ನೂರು, ಮುಕ್ಕಾಲು ಎಲ್ಲದರಲ್ಲೂ ಮೂರು ಇದೆ. ಆರೇಳು ವರ್ಷದ ಮಕ್ಕಳಿಗೆ ಇದನ್ನು ತೋರಿಸಿದರೆ ಕಣ್ಣು ಅರಳುತ್ತದೆ. ಇಮ್ಮಡಿ ಪುಲಿಕೇಶಿ ಅಂದರೆ ಆ ಹೆಸರಿನ ಎರಡನೇ ರಾಜ, ನಾಲ್ವಡಿ ಕೃಷ್ಣರಾಜ ಒಡೆಯರ್ ಅಂದರೆ ಆ ಹೆಸರಿನ ನಾಲ್ಕನೆಯವರು ಅಂತ ಹೇಳಿದ ದಿನ ನನ್ನ ತರಗತಿಯಲ್ಲಿ ಇಡೀ ಮಧ್ಯಾಹ್ನ ಮಕ್ಕಳು ಒಬ್ಬರಿಗೊಬ್ಬರು ಇಮ್ಮಡಿ, ಮುಮ್ಮಡಿ ಅಂತ ಹೆಸರಿಟ್ಟುಕೊಂಡು ಓಡಾಡಿದರು.

ಕನ್ನಡದಲ್ಲಿ ಕಷ್ಟದ ಜಾಗಗಳೂ ಇವೆ, ಮುಚ್ಚಿಡುವುದಿಲ್ಲ. ಇಪ್ಪತ್ತು ಮತ್ತು ಎಪ್ಪತ್ತು ಕಿವಿಗೆ ಹತ್ತಿರ. ಒಂಬತ್ತು, ಎಂಬತ್ತು, ತೊಂಬತ್ತು ಮೂರನ್ನೂ ಮಕ್ಕಳು ಕಲಸಿಬಿಡುತ್ತಾರೆ. ಇಲ್ಲಿ ನಿಧಾನ ಮಾಡಿ. ಹತ್ತು ಹತ್ತರ ಕಂತೆ ಕಟ್ಟಿದ ಕಡ್ಡಿಗಳನ್ನು ಇಟ್ಟು, ಎಂಟು ಕಂತೆ ಎಂಬತ್ತು, ಒಂಬತ್ತು ಕಂತೆ ತೊಂಬತ್ತು ಅಂತ ಮುಟ್ಟಿ ಮುಟ್ಟಿ ಹೇಳಿಸಿ.

ಎರಡೂ ಭಾಷೆ ಸೇರಿದರೆ ಮಗುವಿಗೆ ಗೊಂದಲ ಆಗಲ್ವಾ?

ಆಗುವುದಿಲ್ಲ. 'ಅಷ್ಟೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ' ಅನ್ನುವುದು ಒಂದು ಭಾಷೆಯಲ್ಲಿ ಅರ್ಥವಾದ ಮಗುವಿಗೆ ಇಂಗ್ಲಿಷಿನಲ್ಲಿ ಬೇಕಾಗುವುದು ಹೊಸ ಹೆಸರು ಮಾತ್ರ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಅಕ್ಕ ಅಣ್ಣಂದಿರಿಗೂ ಇದೇ ಉತ್ತರ. ಶಾಲೆಯ ಪದ ಶಾಲೆ ಕಲಿಸುತ್ತದೆ, ನೀವು ಮನೆಯ ಪದ ಕಲಿಸಿ. ಊರಿನ ಅಜ್ಜಿ ಜೊತೆ ವೀಡಿಯೋ ಕಾಲ್ ಮಾಡಿದಾಗ "ನಿನ್ನ ಕೈಯಲ್ಲಿ ಎಷ್ಟು ಬಳೆ ಇದೆ ಅಜ್ಜಿ?" ಅಂತ ಮಗು ಕೇಳಲಿ, ಅಜ್ಜಿ ಕೈ ತೋರಿಸಿ ಎಣಿಸಲಿ. ಒಂದು ಎಚ್ಚರಿಕೆ ಮಾತ್ರ. ಒಂದೇ ಎಣಿಕೆಯ ಮಧ್ಯದಲ್ಲಿ ಭಾಷೆ ಬದಲಿಸಬೇಡಿ. ಒಂದು, ಎರಡು, ಥ್ರೀ, ಫೋರ್ ಅಂದರೆ ಸಾಲು ಮನಸ್ಸಿನಲ್ಲಿ ಕೂರುವುದು ಕಷ್ಟ.

ನನ್ನ ಮಗ "ಎರಡು ಅಜ್ಜಿ ಬಂದರು" ಅನ್ನುತ್ತಾನೆ. ತಿದ್ದಬೇಕಾ?

ಬಯ್ಯಬೇಡಿ, ಸರಿಯಾದದ್ದನ್ನು ನೀವು ಹೇಳಿ: "ಹೌದು ಕಣೋ, ಇಬ್ಬರು ಅಜ್ಜಿ ಬಂದರು." ಕನ್ನಡದಲ್ಲಿ ಮನುಷ್ಯರ ಎಣಿಕೆ ಬೇರೆ, ವಸ್ತುಗಳ ಎಣಿಕೆ ಬೇರೆ. ಒಬ್ಬ, ಒಬ್ಬಳು, ಇಬ್ಬರು, ಮೂವರು, ನಾಲ್ವರು, ಐವರು. ಆಮೇಲೆ ಆರು ಜನ, ಏಳು ಜನ. 'ಎರಡು ಅಜ್ಜಿ' ಅಂದ ಮಗು ಸಂಖ್ಯೆಯನ್ನು ಸರಿಯಾಗಿಯೇ ಹೇಳಿದೆ, ಭಾಷೆಯ ನಿಯಮ ಇನ್ನೂ ಸಿಕ್ಕಿಲ್ಲ ಅಷ್ಟೇ. ಊಟಕ್ಕೆ ಕೂರುವಾಗ "ನಾವು ಎಷ್ಟು ಜನ? ಐವರು. ಹಾಗಾದರೆ ಎಷ್ಟು ತಟ್ಟೆ? ಐದು" ಅಂತ ದಿನಾ ಕೇಳಿ. ಐವರು ಜನ, ಐದು ತಟ್ಟೆ, ಒಬ್ಬೊಬ್ಬರಿಗೆ ಒಂದೊಂದು. ಇದರಲ್ಲಿ ಒಂದಕ್ಕೊಂದು ಹೊಂದಿಸುವ ಪಾಠವೂ ಮುಗಿಯುತ್ತದೆ.

ಅಂದಹಾಗೆ ಈ 'ಒಂದೊಂದು, ಎರಡೆರಡು' ಇದೆಯಲ್ಲ, ಅದನ್ನು ಧಾರಾಳವಾಗಿ ಬಳಸಿ. "ಎಲ್ಲರಿಗೂ ಎರಡೆರಡು ಚಕ್ಕುಲಿ ಕೊಡು" ಅಂದಾಗ ಮಗು ಗುಣಾಕಾರವನ್ನೇ ಮಾಡುತ್ತಿರುತ್ತದೆ. ಮುಂದೆ ಮಗ್ಗಿ ಕಲಿಯುವಾಗ ನಾಲ್ಕು ಜನಕ್ಕೆ ಎರಡೆರಡು ಹಂಚಿದ್ದು ನೆನಪಿದ್ದರೆ, ಎರಡ ನಾಕಲ ಎಂಟು ಅನ್ನುವುದು ಬರೀ ರಾಗ ಆಗಿ ಉಳಿಯುವುದಿಲ್ಲ.

'ಜಾಸ್ತಿ' ಗೊತ್ತು, 'ಕಮ್ಮಿ' ಗೊತ್ತಿಲ್ಲ. ಯಾಕೆ ಹೀಗೆ?

ತುಂಬಾ ಮಕ್ಕಳಲ್ಲಿ ಹೀಗೇ. 'ಇನ್ನೂ ಬೇಕು, ಜಾಸ್ತಿ ಹಾಕು' ಅಂತ ಮಗು ದಿನಕ್ಕೆ ಹತ್ತು ಸಲ ಹೇಳುತ್ತದೆ, 'ಕಮ್ಮಿ ಹಾಕು' ಅಂತ ಹೇಳುವ ಸಂದರ್ಭ ಬರುವುದೇ ಅಪರೂಪ. ನಾವು ದೊಡ್ಡವರೂ ಯಾವಾಗಲೂ "ಯಾವುದು ಜಾಸ್ತಿ ಇದೆ?" ಅಂತಲೇ ಕೇಳುತ್ತೇವೆ. ಇವತ್ತಿನಿಂದ ಎರಡನ್ನೂ ಜೊತೆಗೆ ಹೇಳಿ. "ಈ ಲೋಟದಲ್ಲಿ ಹಾಲು ಜಾಸ್ತಿ, ಆ ಲೋಟದಲ್ಲಿ ಕಮ್ಮಿ." ಸಾರಿಗೆ ಉಪ್ಪು ಕಮ್ಮಿ, ಖಾರ ಜಾಸ್ತಿ. ಬಸ್ಸಿನಲ್ಲಿ ಇವತ್ತು ಜನ ಕಮ್ಮಿ.

ಆಮೇಲೆ 'ಗಿಂತ'. ಇಂಗ್ಲಿಷಿನಲ್ಲಿ ಹೋಲಿಸುವಾಗ ಪದವೇ ಬದಲಾಗುತ್ತದೆ, ಬಿಗ್ ಹೋಗಿ ಬಿಗ್ಗರ್ ಆಗುತ್ತದೆ. ನಮ್ಮಲ್ಲಿ ದೊಡ್ಡದು ಯಾವಾಗಲೂ ದೊಡ್ಡದೇ. ಹೋಲಿಕೆಯ ಭಾರವನ್ನೆಲ್ಲ ಹೊರುವುದು ಈ ಪುಟ್ಟ 'ಗಿಂತ'. ಅದು ಕಿವಿಗೆ ಬೀಳದೆ ತಪ್ಪಿಹೋದರೆ ಇಡೀ ವಾಕ್ಯ ತಲೆಕೆಳಗಾಗುತ್ತದೆ. "ತಂಗಿ ಹತ್ತಿರ ಅಣ್ಣನಿಗಿಂತ ಎರಡು ಗೋಲಿ ಕಡಿಮೆ ಇದೆ" ಅನ್ನುವ ಲೆಕ್ಕದಲ್ಲಿ ಎರಡನೇ ತರಗತಿಯ ಮಕ್ಕಳೂ ಎಡವುತ್ತಾರೆ. 'ಕಡಿಮೆ' ಅಂತ ಕಂಡ ತಕ್ಷಣ ಕಳೆಯುತ್ತಾರೆ, ಪ್ರಶ್ನೆ ಅಣ್ಣನ ಗೋಲಿ ಎಷ್ಟು ಅಂತ ಇದ್ದರೂ ಕೂಡ! ಅದಕ್ಕೇ ಮೂರು ವರ್ಷದಿಂದಲೇ ಬಾಯಲ್ಲಿ ಆಡಿಸಿ. ಚಪ್ಪಲಿ ಸಾಲಾಗಿ ಇಟ್ಟು "ಅಮ್ಮನ ಚಪ್ಪಲಿಗಿಂತ ಅಪ್ಪನದು ಉದ್ದ. ನಿನ್ನದು?" ಅಂತ ಕೇಳಿ. ಉತ್ತರ ಪೂರ್ತಿ ವಾಕ್ಯದಲ್ಲಿ ಬರಲಿ, ಗಿಂತ ಸಮೇತ.

ಎಲ್ಲದಕ್ಕೂ 'ದೊಡ್ಡದು, ಚಿಕ್ಕದು' ಅಂತಲೇ ಹೇಳುತ್ತಾಳೆ.

ನಾವೂ ಹಾಗೇ ಹೇಳುತ್ತೇವೆ, ಗಮನಿಸಿ. ದೊಡ್ಡ ಹಗ್ಗ, ದೊಡ್ಡ ಮರ, ದೊಡ್ಡ ಪುಸ್ತಕ. ಹಗ್ಗ ಉದ್ದ, ಮರ ಎತ್ತರ, ಪುಸ್ತಕ ದಪ್ಪ, ಬಾವಿ ಆಳ, ರಸ್ತೆ ಅಗಲ, ದೋಸೆ ತೆಳು. ಒಂದು ವಾರ ನಿಮ್ಮ ಬಾಯಿಂದ 'ದೊಡ್ಡ' ಬಿಟ್ಟು ಸರಿಯಾದ ಪದ ಬರುವಂತೆ ನೋಡಿಕೊಳ್ಳಿ, ಮಗು ತಾನಾಗೇ ಹಿಡಿಯುತ್ತದೆ. ದೊಡ್ಡದು ಭಾರವೇ ಇರಬೇಕಿಲ್ಲ ಅಂತಲೂ ತೋರಿಸಿ. ಒಂದು ಕೈಗೆ ಊದಿದ ಬಲೂನು ಕೊಡಿ, ಇನ್ನೊಂದು ಕೈಗೆ ಬೀಗದ ಕೈ ಗೊಂಚಲು.

ಇಷ್ಟು ಚಿಕ್ಕವರಿಗೆ ಅರ್ಧ, ಕಾಲು, ಮುಕ್ಕಾಲು ಅರ್ಥ ಆಗುತ್ತಾ?

ಬರೆಯುವ ಭಿನ್ನರಾಶಿ ಬೇಡ, ಮಾತು ಖಂಡಿತ ಆಗುತ್ತದೆ. ಅಡುಗೆಮನೆಗಿಂತ ಒಳ್ಳೆಯ ಜಾಗ ಇದಕ್ಕೆ ಇಲ್ಲ. ಚಪಾತಿ ಲಟ್ಟಿಸುವಾಗ ಎಣ್ಣೆ ಸವರಿ ಒಂದು ಸಲ ಮಡಚಿದರೆ ಅರ್ಧ, ಇನ್ನೊಂದು ಸಲ ಮಡಚಿದರೆ ಕಾಲು. ಬಿಡಿಸಿ ತೋರಿಸಿ, ಗೆರೆಗಳು ಕಾಣುತ್ತವೆ, ನಾಲ್ಕು ಭಾಗ. ಅದರಲ್ಲಿ ಮೂರು ಭಾಗ ತೆಗೆದುಕೊಂಡರೆ ಮುಕ್ಕಾಲು. ಮೂರು ಕಾಲು ಸೇರಿಯೇ ಮುಕ್ಕಾಲು ಆಗಿದೆ, ಪದದಲ್ಲೇ ಉತ್ತರ ಇದೆ! ದೊಡ್ಡ ತರಗತಿಯ ಮಕ್ಕಳು ನಾಲ್ಕನೇ ಮೂರು ಅಂತ ಬರೆಯಲು ಕಷ್ಟಪಡುವುದನ್ನು ನೋಡಿದಾಗೆಲ್ಲ ಈ ಪದವನ್ನು ಚಿಕ್ಕಂದಿನಲ್ಲೇ ಕೇಳಿಸಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ.

ಕಾಲು ಅಂದ ತಕ್ಷಣ ಮಗು ತನ್ನ ಕಾಲು ನೋಡಿಕೊಂಡರೆ ಒಳ್ಳೆಯದೇ ಆಯಿತು. "ಹಸುವಿಗೆ ನಾಲ್ಕು ಕಾಲು, ನಾಲ್ಕರಲ್ಲಿ ಒಂದು ಕಾಲು" ಅಂತ ನೆನಪಿಟ್ಟುಕೊಳ್ಳಲು ಹೇಳಿಕೊಡಿ.

'ಅರ್ಧ' ಅಂದರೆ ಮುರಿದದ್ದು ಅಂತ ಎಷ್ಟೋ ಮಕ್ಕಳು ತಿಳಿದಿರುತ್ತಾರೆ. ಬಿಸ್ಕೆಟ್ ಮುರಿದಾಗ ಒಂದು ತುಂಡು ದೊಡ್ಡದು, ಒಂದು ಚಿಕ್ಕದು ಬಂದರೂ "ಅರ್ಧ ಅರ್ಧ" ಅಂದುಬಿಡುತ್ತೇವಲ್ಲ, ಅದು ನಮ್ಮಿಂದಲೇ ಬಂದ ತಪ್ಪು. ಸಮ ಭಾಗ ಆಗಿಲ್ಲದಿದ್ದರೆ 'ತುಂಡು' ಅನ್ನಿ. ಇಬ್ಬರು ಮಕ್ಕಳಿದ್ದರೆ ಒಬ್ಬರು ಮುರಿಯಲಿ, ಇನ್ನೊಬ್ಬರು ಮೊದಲು ಆರಿಸಿಕೊಳ್ಳಲಿ. ಅರ್ಧ ಅಂದರೇನು ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ನಾವು ಹುಬ್ಬಳ್ಳಿ ಕಡೆಯವರು. ದೀಡ, ಅಡೀಚ ಅನ್ನುತ್ತೇವೆ. ಪುಸ್ತಕದಲ್ಲಿ ಒಂದೂವರೆ, ಎರಡೂವರೆ. ನಮ್ಮ ಮಾತು ಬಿಡಬೇಕಾ?

ದಯವಿಟ್ಟು ಬಿಡಬೇಡಿ. ಮಗುವಿಗೆ ಎರಡೂ ಬರಲಿ. "ದೀಡ ಕಿಲೋ ಅಂದರ ಒಂದೂವರೆ ಕಿಲೋ" ಅಂತ ಒಂದು ಸಲ ಜೋಡಿಸಿಕೊಟ್ಟರೆ ಮುಗಿಯಿತು. ನಿಮ್ಮ ಕಡೆಯ ಒಂದು ಪದವಂತೂ ನನಗೆ ತುಂಬಾ ಇಷ್ಟ: ತಾಸು. ನಮ್ಮ ಕಡೆ 'ಎರಡು ಗಂಟೆ' ಅಂದರೆ ಗಡಿಯಾರದಲ್ಲಿ ಎರಡು ಹೊಡೆದದ್ದೂ ಹೌದು, ಎರಡು ಗಂಟೆ ಹೊತ್ತು ಕಾದದ್ದೂ ಹೌದು. ಪುಟ್ಟ ಮಕ್ಕಳಿಗೆ ಇದು ನಿಜವಾದ ಗೊಂದಲ. "ಎರಡು ಗಂಟೆಗೆ ಬರ್ತೀನಿ" ಅಂದ ಅಪ್ಪ "ಎರಡು ಗಂಟೆ ಆಗುತ್ತೆ" ಅಂದರೆ ಮಗುವಿಗೆ ಎರಡೂ ಒಂದೇ. ನೀವು "ಎರಡು ತಾಸು ಹಿಡೀತದ" ಅಂದಾಗ ಹೊತ್ತು ಬೇರೆ, ಗಡಿಯಾರದ ಸಮಯ ಬೇರೆ ಅಂತ ಪದವೇ ಹೇಳಿಕೊಡುತ್ತದೆ. ಗಂಟೆ ಅನ್ನುವವರು 'ಎರಡು ಗಂಟೆ ಹೊತ್ತು' ಅಂತ ಸೇರಿಸಿ ಹೇಳುವ ಅಭ್ಯಾಸ ಮಾಡಿಕೊಳ್ಳಿ.

ನಿನ್ನೆ, ನಾಳೆ ಇನ್ನೂ ಅದಲುಬದಲು ಮಾಡುತ್ತಾನೆ. ನಾಲ್ಕೂವರೆ ವರ್ಷ.

ಈ ವಯಸ್ಸಿಗೆ ಸಾಮಾನ್ಯ. ದಿನಗಳು ಕಣ್ಣಿಗೆ ಕಾಣುವ ವಸ್ತು ಅಲ್ಲವಲ್ಲ. ಮಲಗುವ ಮುಂಚೆ ಎರಡೇ ಪ್ರಶ್ನೆ ಕೇಳಿ: ನಿನ್ನೆ ಏನು ತಿಂಡಿ ತಿಂದೆ? ನಾಳೆ ಏನು ಮಾಡೋಣ? ಸಲೀಸಾದ ಮೇಲೆ ಮೊನ್ನೆ, ನಾಡಿದ್ದು ಸೇರಿಸಿ. ಹಬ್ಬ ಹತ್ತಿರ ಬಂದಾಗ ಕ್ಯಾಲೆಂಡರಿನಲ್ಲಿ ದಿನಾ ಒಂದು ಮನೆ ಹೊಡೆದು ಹಾಕುತ್ತಾ "ಇನ್ನು ಆರು ದಿನ ಇದೆ, ಇನ್ನು ಐದು ದಿನ ಇದೆ" ಅನ್ನಿ. ಹಿಂದೆ ಎಣಿಸುವುದನ್ನು ಕಲಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಶಾಲೆಯಲ್ಲಿ ಸ್ಥಾನಬೆಲೆ, ಸಮ ಸಂಖ್ಯೆ ಅಂತೆಲ್ಲ ಶುರುವಾಗಿದೆ. ಮನೆಯಲ್ಲಿ ಹೇಗೆ ವಿವರಿಸಲಿ?

ಇಲ್ಲಿ ತೊಂದರೆ ಏನೆಂದರೆ ಒಂದೇ ಪದಕ್ಕೆ ಎರಡು ಅರ್ಥ. ಮನೆಯಲ್ಲಿ 'ಬೆಲೆ' ಅಂದರೆ ಅಂಗಡಿಯ ರೇಟು, ಶಾಲೆಯಲ್ಲಿ ಅಂಕಿ ಕೂತ ಜಾಗಕ್ಕೆ ಬೆಲೆ. ಮನೆಯಲ್ಲಿ ಏನಾದರೂ 'ಕಳೆದರೆ' ಹುಡುಕಬೇಕು, ಶಾಲೆಯಲ್ಲಿ ಕಳೆದರೆ ಉತ್ತರ ಬರುತ್ತದೆ. 'ಸಮ' ಅಂತೂ ಎಲ್ಲಕ್ಕಿಂತ ಕಷ್ಟ. ಬೋರ್ಡಿನ ಮೇಲೆ '4 ಒಂದು ಸಮ ಸಂಖ್ಯೆ' ಅಂತ ಬರೆದಿದ್ದೆ. ಒಬ್ಬಳು ಕೈ ಎತ್ತಿ "ಯಾವುದಕ್ಕೆ ಸಮ ಮಿಸ್?" ಅಂತ ಕೇಳಿದಳು. ಎಷ್ಟು ಸರಿಯಾದ ಪ್ರಶ್ನೆ! ಆವತ್ತಿನಿಂದ ನಾನು ಮೊದಲು 'ಜೋಡಿ ಆಗುವ ಸಂಖ್ಯೆ, ಒಂಟಿ ಉಳಿಯುವ ಸಂಖ್ಯೆ' ಅಂತ ಶುರು ಮಾಡುತ್ತೇನೆ. ಮನೆಯಲ್ಲಿರುವ ಚಪ್ಪಲಿ, ಕಾಲುಚೀಲಗಳನ್ನು ಜೋಡಿ ಮಾಡಿಸಿ. ಎಲ್ಲಕ್ಕೂ ಜೊತೆ ಸಿಕ್ಕಿದರೆ ಸಮ, ಒಂದು ಒಂಟಿಯಾಗಿ ಉಳಿದರೆ ಬೆಸ. ಪುಸ್ತಕದ ಪದ ಆಮೇಲೆ ಬರಲಿ.

ಬರೆಯುವ ಸಮ ಚಿಹ್ನೆಗೂ ಒಂದು ಮಾತು. '3 + 2 =' ಅಂತ ನೋಡಿ ನೋಡಿ ಮಕ್ಕಳು ಆ ಎರಡು ಗೆರೆಗೆ 'ಇಲ್ಲಿ ಉತ್ತರ ಬರಿ' ಅನ್ನುವ ಅರ್ಥ ಮಾಡಿಕೊಳ್ಳುತ್ತಾರೆ. 5 = 3 + 2 ಅಂತ ಬರೆದರೆ ತಪ್ಪು ಅನ್ನುತ್ತಾರೆ. ತರಕಾರಿ ಅಂಗಡಿಯ ತಕ್ಕಡಿ ತೋರಿಸಿ. ಎರಡೂ ತಟ್ಟೆ ಒಂದೇ ಮಟ್ಟಕ್ಕೆ ಬಂದಾಗ ಸಮ. ಯಾವ ಕಡೆಯಿಂದ ನೋಡಿದರೂ ಸಮವೇ.

ಬಿಡಿ, ಹತ್ತು, ನೂರು ಹೇಳಿಕೊಡಲು ಹೂವಿನಂಗಡಿಗೆ ಕರೆದುಕೊಂಡು ಹೋಗಿ. ಬಿಡಿ ಹೂವು ಬೇರೆ, ಕಟ್ಟಿದ ಹೂವು ಬೇರೆ. ಮನೆಗೆ ಬಂದು ಕಡ್ಡಿಗಳಲ್ಲಿ ಆಡಿ: ಹತ್ತು ಆದ ತಕ್ಷಣ ರಬ್ಬರ್ ಬ್ಯಾಂಡ್ ಹಾಕಿ ಕಂತೆ, ಹತ್ತಾಗದೆ ಉಳಿದದ್ದು ಬಿಡಿ. ಎರಡು ಕಂತೆ, ಮೂರು ಬಿಡಿ, ಇಪ್ಪತ್ಮೂರು.

'ಮೂರು' ಗೊತ್ತು, 'ಮೂರನೇ' ಅಂದರೆ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಪ್ರಶ್ನೆಪದ ಇದೆ: ಎಷ್ಟನೇ. ಇಂಗ್ಲಿಷಿನಲ್ಲಿ ಇದನ್ನು ಒಂದೇ ಪದದಲ್ಲಿ ಕೇಳಲು ಆಗುವುದಿಲ್ಲ. "ನಮ್ಮ ಮನೆ ಎಷ್ಟನೇ ಮಹಡಿ? ಇದು ಎಷ್ಟನೇ ಸ್ಟಾಪು? ನೀನು ಸಾಲಿನಲ್ಲಿ ಎಷ್ಟನೆಯವಳು?" ದಾರಿಯುದ್ದಕ್ಕೂ ಕೇಳುತ್ತಾ ಹೋಗಿ. ನೋಟಿನ ಹಿಂದೆ ಹದಿನೈದು ಭಾಷೆಗಳಲ್ಲಿ ಅದರ ಬೆಲೆ ಬರೆದ ಪಟ್ಟಿ ಇರುತ್ತದಲ್ಲ, ಅದರಲ್ಲಿ ಕನ್ನಡ ಎಷ್ಟನೇ ಸಾಲು ಅಂತ ಹುಡುಕಲು ಕೊಡಿ. ನಾಲ್ಕನೇ ಸಾಲು.

೧, ೨, ೩ ಕೂಡ ಕಲಿಸಬೇಕಾ?

ಕಲಿಸಿ, ಆದರೆ ಅವಸರ ಬೇಡ. ಮೊದಲು ಒಂದು ಬಗೆಯ ಅಂಕಿ ಗಟ್ಟಿಯಾಗಲಿ. ಆಮೇಲೆ ಬಸ್ಸಿನ ಬೋರ್ಡು, ಕ್ಯಾಲೆಂಡರ್ ನೋಡಿ ಕನ್ನಡ ಅಂಕಿ ಗುರುತಿಸುವ ಆಟ ಆಡಿ. ಸೊನ್ನೆ ಬಗ್ಗೆ ಒಂದು ಮಾತು: 'ಅಂ'ನಲ್ಲಿ ಬರುವ ಸೊನ್ನೆ, ಲೆಕ್ಕದ ಸೊನ್ನೆ ಎರಡಕ್ಕೂ ಹೆಸರು ಒಂದೇ ಆದ್ದರಿಂದ ಮಗು ಅದನ್ನು ಬರೀ ಆಕಾರ ಅಂದುಕೊಂಡಿರುತ್ತದೆ. ತಟ್ಟೆಯಲ್ಲಿದ್ದ ಮೂರು ಇಡ್ಲಿ ಒಂದೊಂದಾಗಿ ಖಾಲಿಯಾದ ಮೇಲೆ "ಈಗ ಎಷ್ಟಿದೆ? ಸೊನ್ನೆ ಇಡ್ಲಿ" ಅನ್ನಿ.

ಆಕಾರಗಳಿಗೆ ಚಾರ್ಟ್ ತಂದರೆ ಸಾಕಲ್ವಾ?

ಚಾರ್ಟಿನಲ್ಲಿ ತ್ರಿಕೋನ ಯಾವಾಗಲೂ ನೆಟ್ಟಗೆ ಕೂತಿರುತ್ತದೆ. ಅದನ್ನು ಮಾತ್ರ ನೋಡಿದ ಮಗು ತಲೆಕೆಳಗಾದ ತ್ರಿಕೋನವನ್ನು ತ್ರಿಕೋನ ಅಲ್ಲ ಅನ್ನುತ್ತದೆ, ಚೌಕವನ್ನು ಓರೆಯಾಗಿಟ್ಟರೆ ವಜ್ರ ಅನ್ನುತ್ತದೆ. ಆಕಾರದ ಹೆಸರಿಗಿಂತ 'ಮೂಲೆ, ಅಂಚು, ನೇರ, ಬಾಗಿದ' ಅನ್ನುವ ಪದಗಳನ್ನು ಮೊದಲು ಕೊಡಿ. "ಎಷ್ಟು ಮೂಲೆ ಇದೆ ಮುಟ್ಟಿ ನೋಡು" ಅಂದರೆ ತಿರುಗಿಸಿಟ್ಟರೂ ಮೋಸ ಹೋಗುವುದಿಲ್ಲ. ಶಂಕರಪೋಳಿ, ನಿಪ್ಪಟ್ಟು, ಮೈಸೂರು ಪಾಕು, ಕೋಡುಬಳೆ ಒಂದೇ ತಟ್ಟೆಯಲ್ಲಿಟ್ಟು ಮೂಲೆ ಇರುವುದು, ಇಲ್ಲದ್ದು ಅಂತ ಬೇರೆ ಮಾಡಿಸಿ. ರಂಗೋಲಿಯ ಚುಕ್ಕಿ ಇಡಲು ಕೂರಿಸಿಕೊಳ್ಳಿ. ಏಳು ಚುಕ್ಕಿಯಿಂದ ಒಂದು ಚುಕ್ಕಿಗೆ ಇಳಿಸುವಾಗ ಸಾಲು, ನಡು, ಪಕ್ಕ, ಅಂತರ ಎಲ್ಲ ಪದಗಳೂ ಬರುತ್ತವೆ.

ಮೊಳ, ಗೇಣು, ಪಾವು, ಸೇರು ಹಳೇ ಕಾಲದ್ದು. ಈಗ ಯಾಕೆ?

ಹೂವು ಇವತ್ತಿಗೂ ಮೊಳದ ಲೆಕ್ಕದಲ್ಲೇ ಸಿಗುತ್ತದೆ! ಸೆಂಟಿಮೀಟರ್ ಮಗುವಿನ ಕಣ್ಣಿಗೆ ಒಂದು ಗೆರೆ ಅಷ್ಟೇ, ಗೇಣು ಅದರ ಕೈಯಲ್ಲೇ ಇದೆ. ಮೇಜು ಎಷ್ಟು ಗೇಣು ಅಂತ ಮಗು ಅಳೆಯಲಿ, ಆಮೇಲೆ ನೀವು ಅಳೆಯಿರಿ. ಅವಳಿಗೆ ಹನ್ನೊಂದು, ನಿಮಗೆ ಏಳು ಬರುತ್ತದೆ. "ಮೇಜು ಅದೇ, ಲೆಕ್ಕ ಯಾಕೆ ಬೇರೆ?" ಅಂತ ಕೇಳಿ ಸುಮ್ಮನಿರಿ. ಎಲ್ಲರಿಗೂ ಒಂದೇ ಅಳತೆಕೋಲು ಯಾಕೆ ಬೇಕು ಅನ್ನುವುದನ್ನು ಮಗುವೇ ಹೇಳುತ್ತದೆ. ಮನೆಯಲ್ಲಿ ಅಜ್ಜಿಯ ಪಾವು ಇದ್ದರೆ ಅಕ್ಕಿ ಅಳೆಯಲು ಕೊಡಿ. ನಾಲ್ಕು ಪಾವು ಒಂದು ಸೇರು, ಅಲ್ಲೂ ಮತ್ತೆ ಕಾಲು ಬಂತು.

ಯಾವ ಆಟ ಆಡಿಸಲಿ? ಆಪ್ ಹಾಕಿಕೊಟ್ಟರೆ ಆಗಲ್ವಾ?

ಆಪ್‌ನಲ್ಲಿ ಮಗು ಕೇಳಿಸಿಕೊಳ್ಳುತ್ತದೆ, ಬೆರಳು ಒತ್ತುತ್ತದೆ, ಆದರೆ ಮಾತಾಡುವುದು ಕಮ್ಮಿ. ಪದ ಬಾಯಿಗೆ ಬರಬೇಕಾದರೆ ಎದುರಿಗೆ ಒಬ್ಬರು ಮನುಷ್ಯರು ಬೇಕು.

ಚೌಕಾಬಾರ ಆಡಿ. ನಾಲ್ಕು ಕವಡೆ ಸಾಕು. ಎಷ್ಟು ಕವಡೆ ಮೇಲ್ಮುಖ ಬಿದ್ದಿವೆ ಅಂತ ಎಣಿಸಬೇಕು, ನಾಲ್ಕೂ ಮೇಲ್ಮುಖವಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು ಮನೆ. "ಇನ್ನು ಎಷ್ಟು ಬಿದ್ದರೆ ನಿನ್ನ ಕಾಯಿ ಹಣ್ಣಾಗುತ್ತೆ?" ಅನ್ನುವ ಪ್ರಶ್ನೆ ಕಳೆಯುವ ಲೆಕ್ಕವೇ. ಕರಾವಳಿಯವರ ಮನೆಯಲ್ಲಿ ಚೆನ್ನೆಮಣೆ ಇದ್ದರೆ ಅಟ್ಟದಿಂದ ಇಳಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಒಂದೊಂದೇ ಹಾಕುತ್ತಾ ಹೋಗುವುದು. ಐದು ವರ್ಷದ ಮಗು ಸೋತರೂ ಮತ್ತೆ ಕೂರುತ್ತದೆ. ಲಗೋರಿಗೆ ಏಳು ಕಲ್ಲು ಪೇರಿಸುವಾಗ ದೊಡ್ಡದು ಕೆಳಗೆ, ಅದಕ್ಕಿಂತ ಚಿಕ್ಕದು ಮೇಲೆ. ಮುಷ್ಟಿಯಲ್ಲಿ ಹುಣಸೆಬೀಜ ಹಿಡಿದು "ಸಮವೋ ಬೆಸವೋ" ಅಂತ ಕೇಳುವುದಕ್ಕಂತೂ ಬಸ್ಸಿಗೆ ಕಾಯುವ ಹೊತ್ತು ಸಾಕು.

ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಸಮಯವೇ ಇಲ್ಲ.

ಬೇರೆ ಸಮಯ ಬೇಡ. ಸ್ನಾನಕ್ಕೆ ಎಷ್ಟು ಚೊಂಬು ನೀರು, ಟ್ರಾಫಿಕ್‌ನಲ್ಲಿ ನಿಂತಾಗ ನಮ್ಮ ಮುಂದೆ ಎಷ್ಟು ಸ್ಕೂಟರ್, ಬಟ್ಟೆ ಮಡಚುವಾಗ ಯಾರದು ಜಾಸ್ತಿ. ವಾರಕ್ಕೆ ಒಂದೇ ಪದ ಆರಿಸಿ ಫ್ರಿಜ್ ಮೇಲೆ ಬರೆದು ಅಂಟಿಸಿ, ಉದಾಹರಣೆಗೆ 'ನಡುವೆ'. ಮಗುವನ್ನು ನೋಡಿಕೊಳ್ಳುವ ಅಜ್ಜಿ, ಆಯಾ, ಎದುರು ಮನೆಯ ಆಂಟಿ ಎಲ್ಲರಿಗೂ ಹೇಳಿಡಿ. ಎಲ್ಲರ ಬಾಯಲ್ಲೂ ವಾರವಿಡೀ ಅದೇ ಪದ ಬಂದರೆ ಮಗು ಅದನ್ನು ತನ್ನದು ಮಾಡಿಕೊಳ್ಳುತ್ತದೆ.

ಯಾವಾಗ ಚಿಂತೆ ಮಾಡಬೇಕು?

ಒಂದೇ ವಯಸ್ಸಿನ ಇಬ್ಬರು ಮಕ್ಕಳು ಒಂದೇ ವೇಗದಲ್ಲಿ ಕಲಿಯುವುದಿಲ್ಲ, ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ. ಆದರೆ ಆರು ವರ್ಷ ತುಂಬಿದ ಮೇಲೂ, ಮನೆಯಲ್ಲಿ ಇಷ್ಟೆಲ್ಲ ಮಾತಾಡಿದ ಮೇಲೂ, ಐದು ವಸ್ತು ಎಣಿಸಿ ಕೊಡಲು ಆಗುತ್ತಿಲ್ಲ, ಮೇಲೆ ಕೆಳಗೆ ಗೊತ್ತಾಗುತ್ತಿಲ್ಲ ಅಂತಾದರೆ ಸುಮ್ಮನೆ ಕಾಯಬೇಡಿ. ತರಗತಿಯ ಟೀಚರ್ ಹತ್ತಿರ ಮಾತಾಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದ ಮಗುವಿಗೆ ಇಪ್ಪತ್ತೂ ಎಪ್ಪತ್ತೂ ಒಂದೇ ಥರ ಕೇಳಿಸುತ್ತಿರಬಹುದು.